ಒಪ್ಪಂದದಿಂದ ಹೊರಬರುವುದೇ, ಒಳಗಿದ್ದೇ ಬಿಗಿ ಮಾಡುವುದೇ? ಕೊಡಗಿನ ಬೆಳೆಗಾರರಿಗೊಂದು ಹೋಲಿಕೆ

ಕಾಳುಮೆಣಸಿನ ದರ ಕುಸಿದ ವರ್ಷಗಳಲ್ಲೆಲ್ಲ ಕೊಡಗಿನ ಬೆಳೆಗಾರರ ಸಭೆಗಳಲ್ಲಿ ಒಂದು ಬೇಡಿಕೆ ತಲೆಯೆತ್ತುತ್ತದೆ: ವಿಯೆಟ್ನಾಂ ಸೇರಿದಂತೆ ಆಗ್ನೇಯ ಏಷ್ಯಾದ ದೇಶಗಳ ಒಕ್ಕೂಟವಾದ ಆಸಿಯಾನ್ ಜತೆಗಿನ ವ್ಯಾಪಾರ ಒಪ್ಪಂದದಿಂದ ಭಾರತ ಹೊರಬರಲಿ. ದರ ಚೇತರಿಸಿಕೊಂಡ ಕೂಡಲೇ ಆ ಬೇಡಿಕೆ ಕಡತ ಸೇರುತ್ತದೆ. 2015–16ರ ಸುಮಾರಿಗೆ ಕಿಲೋಗೆ 700 ರೂಪಾಯಿಯ ಆಸುಪಾಸಿನಲ್ಲಿದ್ದ ಮೆಣಸು ಮೂರ್ನಾಲ್ಕು ವರ್ಷಗಳಲ್ಲಿ 300ರ ಮಟ್ಟಕ್ಕೆ ಇಳಿಯಿತು. ವಿಯೆಟ್ನಾಂ ಮೆಣಸು ಗೋಣಿಕೊಪ್ಪಲಿನವರೆಗೂ ಬಂದಿದೆ ಎಂದು 2017ರಲ್ಲಿ ಬೆಳೆಗಾರರು ಪ್ರತಿಭಟಿಸಿದ್ದೂ ಅದೇ ಅವಧಿಯಲ್ಲಿ.

ಸಿಟ್ಟು ನ್ಯಾಯವಾದದ್ದೇ. ಆದರೆ ಹೊರಬಂದರೆ ಏನು ಸಿಗುತ್ತದೆ, ಏನು ಹೋಗುತ್ತದೆ ಎಂಬ ಲೆಕ್ಕ ಮಾತ್ರ ಸಭೆಗಳಲ್ಲಿ ನಡೆಯುವುದು ಕಡಿಮೆ. ಕೇಳುವವರೂ ಒಂದೇ ಬಗೆಯವರಲ್ಲ. ಮೂರು ಎಕರೆ ತೋಟದಲ್ಲಿ ಸಿಲ್ವರ್ ಓಕಿಗೆ ಬಳ್ಳಿ ಹಬ್ಬಿಸಿ ಮೆಣಸನ್ನೇ ನೆಚ್ಚಿಕೊಂಡವರಿಗೆ ಒಂದು ಚಿಂತೆ, ರೋಬಸ್ಟಾ ಚೆರಿ (ಒಣಗಿಸಿದ ಕಾಫಿ ಹಣ್ಣು) ಮಾರುವವರಿಗೆ ಇನ್ನೊಂದು, ಕಾಫಿ ರಫ್ತು ಮಾಡುವವರಿಗೆ ಮತ್ತೊಂದು. ಹಾಗಾಗಿ ಮುಂದಿರುವ ನಾಲ್ಕು ದಾರಿಗಳನ್ನು ಒಂದೇ ಅಳತೆಗೋಲಿನಿಂದ ಅಳೆದು ನೋಡೋಣ: ಪೂರ್ತಿ ಹೊರಬರುವುದು, ಇದ್ದ ಹಾಗೆಯೇ ಇರುವುದು, ಷರತ್ತುಗಳನ್ನು ಮತ್ತೆ ಮಾತಾಡಿ ತಿದ್ದುವುದು, ಒಳಗಿದ್ದುಕೊಂಡೇ ಸೋರಿಕೆಗಳನ್ನು ಮುಚ್ಚುವುದು.

ಯಾವುದನ್ನು ನೋಡಿ ಅಳೆಯಬೇಕು

ಮೊದಲನೆಯದು, ಒಕ್ಕೂಟ ಎಷ್ಟು ಆಳವಾದದ್ದು ಎಂಬುದು. ಐರೋಪ್ಯ ಒಕ್ಕೂಟದಲ್ಲಿ ಸುಂಕವೂ ಒಂದೇ, ಸರಕಿನ ನಿಯಮಗಳೂ ಬಹುಪಾಲು ಒಂದೇ, ಕೆಲಸಗಾರರು ಗಡಿ ದಾಟಿ ದುಡಿಯಬಹುದು. ಭಾರತ–ಆಸಿಯಾನ್ ಸರಕು ಒಪ್ಪಂದ ಅಂಥದ್ದಲ್ಲ. 2009ರ ಆಗಸ್ಟ್‌ನಲ್ಲಿ ಬ್ಯಾಂಕಾಕಿನಲ್ಲಿ ಸಹಿಯಾಗಿ 2010ರ ಜನವರಿ 1ರಿಂದ ಜಾರಿಗೆ ಬಂದ ಅದು ಮುಖ್ಯವಾಗಿ ಸುಂಕ ಇಳಿಸುವ ಒಪ್ಪಂದ. ಐರೋಪ್ಯ ಒಕ್ಕೂಟ ಬಿಟ್ಟ ಬ್ರಿಟನ್ ಪಟ್ಟ ಪಾಡೆಲ್ಲ ನಮಗೂ ಬರುತ್ತದೆ ಎಂದು ಹೆದರಿಸುವವರೂ, ಬ್ರಿಟನ್ ಹೊರಬಂದಿತಲ್ಲ, ನಮಗೇನು ಎಂದು ಹುರಿದುಂಬಿಸುವವರೂ ಈ ವ್ಯತ್ಯಾಸವನ್ನು ಮರೆಯುತ್ತಾರೆ.

ಎರಡನೆಯದು, ನಿಮ್ಮ ಬೆಳೆಯ ಮೇಲೆ ಒಪ್ಪಂದದೊಳಗಿನ ಸುಂಕಕ್ಕೂ ಹೊರಗಿನ ಸುಂಕಕ್ಕೂ ಇರುವ ಅಂತರ. ಮೂರನೆಯದು, ನೀವು ಮಾರುವುದು ಎಲ್ಲಿಗೆ ಎಂಬುದು. ನಾಲ್ಕನೆಯದು ಕಾಲ: ಈ ಕೊಯ್ಲಿಗೆ ಫಲ ಬೇಕೇ, ಹತ್ತು ವರ್ಷಕ್ಕೆ ಬೇಕೇ? ಐದನೆಯದು ರಾಜಕೀಯ: ಹೊರಬಂದ ಮೇಲೆ ಮುಂದಿನ ಮಾತುಕತೆಯಲ್ಲಿ ನಿಮ್ಮ ಬೆಳೆಯ ಪರವಾಗಿ ಕೂರುವವರು ಯಾರು?

ಮೊದಲು ಮೆಣಸಿನ ಲೆಕ್ಕ

ಆಸಿಯಾನ್ ಒಪ್ಪಂದದಲ್ಲಿ ಭಾರತ ಐದು ಸರಕುಗಳನ್ನು ವಿಶೇಷ ಪಟ್ಟಿಗೆ ಸೇರಿಸಿತ್ತು: ಕಚ್ಚಾ ತಾಳೆ ಎಣ್ಣೆ, ಶುದ್ಧೀಕರಿಸಿದ ತಾಳೆ ಎಣ್ಣೆ, ಕಾಫಿ, ಕಪ್ಪು ಚಹಾ, ಕಾಳುಮೆಣಸು. ಇವುಗಳ ಸುಂಕವನ್ನು ಸೊನ್ನೆಗೆ ತರಬೇಕಿರಲಿಲ್ಲ. 2019ರ ಕೊನೆಯವರೆಗೆ ನಿಧಾನವಾಗಿ ಇಳಿಸಿದರೆ ಸಾಕಿತ್ತು. ಕಾಫಿ ಶೇ 100ರಿಂದ ಶೇ 45ಕ್ಕೆ ಇಳಿಯಿತು, ಮೆಣಸು ಶೇ 70ರಿಂದ ಶೇ 50ಕ್ಕೆ. ಆಸಿಯಾನ್ ಎಂದರೆ ಸುಂಕವಿಲ್ಲದೆ ನುಗ್ಗುವ ಮೆಣಸು ಎಂದು ನಂಬಿದವರು ಈ ಶೇ 50ನ್ನು ಒಮ್ಮೆ ಗಮನಿಸಬೇಕು.

ಇನ್ನೊಂದು ಕಡೆ ಶ್ರೀಲಂಕಾ ಇದೆ. 1998ರ ಡಿಸೆಂಬರ್‌ನಲ್ಲಿ ಸಹಿಯಾಗಿ 2000ದಲ್ಲಿ ಜಾರಿಗೆ ಬಂದ ಭಾರತ–ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದದಡಿ ವರ್ಷಕ್ಕೆ 2,500 ಟನ್ ಮೆಣಸು ಸುಂಕವಿಲ್ಲದೆ ಬರಬಹುದು. ಅದಕ್ಕೂ ಮೀರಿದ್ದು 2006ರಿಂದ ಜಾರಿಯಲ್ಲಿರುವ ದಕ್ಷಿಣ ಏಷ್ಯಾ ಮುಕ್ತ ವ್ಯಾಪಾರ ಒಪ್ಪಂದ, ಅಂದರೆ ಸಾಫ್ಟಾದಡಿ ಶೇ 8ರ ಸುಂಕ ಕಟ್ಟಿ ಬರಬಹುದು.

ಈಗ ಲೆಕ್ಕಕ್ಕೆಂದು ಬಂದರಿನಲ್ಲಿ ಕಿಲೋಗೆ 300 ರೂಪಾಯಿ ಬೀಳುವ ಮೆಣಸನ್ನು ತೆಗೆದುಕೊಳ್ಳಿ. ಬೇರೆ ತೆರಿಗೆಗಳನ್ನೂ ಕನಿಷ್ಠ ಆಮದು ಬೆಲೆಯನ್ನೂ ಸದ್ಯ ಬದಿಗಿಡೋಣ. ಆಸಿಯಾನ್ ಸುಂಕ ಸೇರಿದರೆ ಅದು 450 ರೂಪಾಯಿ. ಭಾರತ ಒಪ್ಪಂದದಿಂದ ಹೊರಬಂದು ಶೇ 70ರ ಸಾಮಾನ್ಯ ಸುಂಕ ಹಾಕಿದರೆ 510. ಅದೇ ಮೆಣಸು ಶ್ರೀಲಂಕಾದ ಮೂಲಪತ್ರ, ಅಂದರೆ ಸರಕು ಆ ದೇಶದ್ದೇ ಎನ್ನುವ ಪತ್ರ, ಹೊತ್ತು ಬಂದರೆ 324. ಸುಂಕವಿಲ್ಲದ 2,500 ಟನ್ನಿನೊಳಗೆ ಸೇರಿಕೊಂಡರೆ ಬರೀ 300.

ಹೊರಬರುವುದರಿಂದ ಸಿಗುವ ರಕ್ಷಣೆ ಕಿಲೋಗೆ 60 ರೂಪಾಯಿ. ಶ್ರೀಲಂಕಾದ ಹೆಸರಿನಲ್ಲಿ ವಿಯೆಟ್ನಾಂ ಮೆಣಸು ಬಂದರೆ ಕೈತಪ್ಪುವ ರಕ್ಷಣೆ 126 ರೂಪಾಯಿ. ಆಸಿಯಾನ್ ಬಿಟ್ಟರೆ ಈ ಎರಡನೆಯ ಅಂತರ 186ಕ್ಕೆ ಏರುತ್ತದೆ. ಸುಳ್ಳು ಮೂಲಪತ್ರ ಮಾಡಿಸುವವನ ಲಾಭವೂ ಅಷ್ಟೇ ಏರುತ್ತದೆ. ನನ್ನ ಮಟ್ಟಿಗೆ ಇಡೀ ಚರ್ಚೆಯ ತಿರುಳು ಈ ಮೂರು ಅಂಕಿಗಳಲ್ಲಿದೆ. ಇದನ್ನು ಯಾವ ವೇದಿಕೆಯಿಂದಲೂ ಯಾರೂ ಹೇಳುವುದಿಲ್ಲ. ‘ಹೊರಬನ್ನಿ’ ಎಂಬುದು ಘೋಷಣೆಯಾಗುತ್ತದೆ, ‘ಮೂಲಪತ್ರ ಪರಿಶೀಲಿಸಿ’ ಎಂಬುದು ಆಗುವುದಿಲ್ಲ.

ದಾರಿ ಒಂದು: ಪೂರ್ತಿ ಹೊರಬರುವುದು

ಇದಕ್ಕೆ ದೊಡ್ಡ ಉದಾಹರಣೆ ಬ್ರಿಟನ್. 2016ರ ಜೂನ್ 23ರ ಜನಮತ ಗಣನೆಯಲ್ಲಿ ಶೇ 51.9 ಮಂದಿ ಹೊರಬರಲು ಮತ ಹಾಕಿದರು. ಪ್ರಧಾನಿ ಡೇವಿಡ್ ಕ್ಯಾಮರನ್ ರಾಜೀನಾಮೆ ಕೊಟ್ಟರು. ಬಳಿಕ ಬಂದ ತೆರೇಸಾ ಮೇ ಅವರ ಒಪ್ಪಂದವನ್ನು ಸಂಸತ್ತು ಮೂರು ಬಾರಿ ತಿರಸ್ಕರಿಸಿತು. ದೇಶ ಅಧಿಕೃತವಾಗಿ ಹೊರಬಂದದ್ದು 2020ರ ಜನವರಿ 31ರಂದು, ಮಾರುಕಟ್ಟೆಯ ನಿಯಮಗಳಿಂದ ಕಳಚಿಕೊಂಡದ್ದು ಆ ವರ್ಷದ ಕೊನೆಗೆ. ಹೊರಹೋಗುವ ತೀರ್ಮಾನಕ್ಕೂ ಹೊರಹೋಗುವುದಕ್ಕೂ ನಡುವೆ ನಾಲ್ಕೂವರೆ ವರ್ಷ ಕಳೆದವು. ಆ ಅವಧಿಯಲ್ಲಿ ಹೂಡಿಕೆದಾರ ಯಾವ ನಿಯಮ ನಂಬಿ ಹಣ ಹಾಕಬೇಕು?

ಆರ್ಥಿಕ ಪರಿಣಾಮದ ಬಗ್ಗೆ ಬ್ರಿಟನ್ನಿನ ಸ್ವತಂತ್ರ ಬಜೆಟ್ ಅಂದಾಜು ಸಂಸ್ಥೆಯಾದ ಓಬಿಆರ್ ಹೇಳುತ್ತ ಬಂದದ್ದು ಹೀಗೆ: ಒಕ್ಕೂಟದಲ್ಲೇ ಉಳಿದಿದ್ದರೆ ಇರುತ್ತಿದ್ದುದಕ್ಕಿಂತ ದೀರ್ಘಾವಧಿಯಲ್ಲಿ ದೇಶದ ಉತ್ಪಾದಕತೆ ಶೇ 4ರಷ್ಟು, ಆಮದು–ರಫ್ತು ಶೇ 15ರಷ್ಟು ಕಡಿಮೆಯಾಗುತ್ತದೆ. ಹೊರಬಂದ ಮರುದಿನವೇ ಆಕಾಶ ಕಳಚಿ ಬೀಳುತ್ತದೆ ಎಂದವರ ಮಾತು ನಿಜವಾಗಲಿಲ್ಲ. ಒಕ್ಕೂಟಕ್ಕೆ ಕಟ್ಟುತ್ತಿದ್ದ ಹಣವೆಲ್ಲ ಉಳಿದು ಆಸ್ಪತ್ರೆಗಳಿಗೆ ಹರಿಯುತ್ತದೆ ಎಂದವರ ಮಾತೂ ನಿಜವಾಗಲಿಲ್ಲ. ನಷ್ಟ ಬಂದದ್ದು ನಿಧಾನವಾಗಿ ಮತ್ತು ಹರಡಿಕೊಂಡು. ಅದಕ್ಕೇ ಅದರ ಬಗ್ಗೆ ಇಂದಿಗೂ ಜಗಳ ಆಡಲು ಸಾಧ್ಯವಾಗಿದೆ.

ಕೊಡಗಿನವರು ಗಮನಿಸಬೇಕಾದದ್ದು ಅಲ್ಲಿನ ಮೀನುಗಾರರನ್ನು. ಹೊರಬರಲು ಗಟ್ಟಿಯಾಗಿ ಕೂಗಿದವರಲ್ಲಿ ಅವರೂ ಮುಂದಿದ್ದರು. ನಮ್ಮ ಸಮುದ್ರದ ಮೀನು ನಮಗೇ ಇರಲಿ ಎಂಬುದು ಅವರ ವಾದ. ಪಾಲು ಒಂದಿಷ್ಟು ಹೆಚ್ಚಾಯಿತು, ನಿಜ. ಆದರೆ ಆ ಮೀನು, ಚಿಪ್ಪುಜೀವಿಗಳ ದೊಡ್ಡ ಗಿರಾಕಿ ಯುರೋಪೇ ಆಗಿತ್ತು. 2021ರ ಜನವರಿಯಲ್ಲಿ ಕಾಗದಪತ್ರಗಳ ರಾಶಿಯಲ್ಲಿ ಸರಕು ಸಿಕ್ಕಿಬಿದ್ದಾಗ ಸ್ಕಾಟ್ಲೆಂಡಿನ ವ್ಯಾಪಾರಿಗಳು ಲಾರಿಗಳನ್ನು ಲಂಡನ್ನಿನ ಸರ್ಕಾರಿ ಕಚೇರಿಗಳ ಬಳಿ ತಂದು ಪ್ರತಿಭಟಿಸಿದರು. 2025ರ ಮೇ ತಿಂಗಳಲ್ಲಿ ಬ್ರಿಟನ್ ಸರ್ಕಾರ ಯುರೋಪಿನ ದೋಣಿಗಳಿಗೆ ತನ್ನ ನೀರಿನಲ್ಲಿ ಮೀನು ಹಿಡಿಯುವ ಅವಕಾಶವನ್ನು 2038ರವರೆಗೆ ವಿಸ್ತರಿಸಿತು. ದೊಡ್ಡ ಚೌಕಾಶಿಯಲ್ಲಿ ಸಣ್ಣ ಕಸುಬನ್ನು ಬಿಟ್ಟುಕೊಡುವುದು ಸುಲಭ.

ಅಲ್ಲಿನ ರೈತರ ಪಾಡೂ ಅಷ್ಟೆ. ಹೊರಬಂದ ಮೇಲೆ ಸರ್ಕಾರಕ್ಕೆ ಹೊಸ ಒಪ್ಪಂದಗಳು ಬೇಗ ಬೇಕಾಗಿದ್ದವು. ಆಸ್ಟ್ರೇಲಿಯಾ ಜತೆಗಿನ ಒಪ್ಪಂದ ದನ, ಕುರಿ ಸಾಕುವವರನ್ನು ಕೆರಳಿಸಿತು. ಆಗ ಕೃಷಿ ಖಾತೆ ನೋಡಿಕೊಳ್ಳುತ್ತಿದ್ದ ಜಾರ್ಜ್ ಯೂಸ್ಟಿಸ್ ಅವರೇ 2022ರ ನವೆಂಬರ್‌ನಲ್ಲಿ, ಸಚಿವ ಸ್ಥಾನ ಬಿಟ್ಟ ಮೇಲೆ, ಆ ಒಪ್ಪಂದ ಬ್ರಿಟನ್ನಿಗೆ ಅಷ್ಟೇನೂ ಒಳ್ಳೆಯದಲ್ಲ ಎಂದು ಸಂಸತ್ತಿನಲ್ಲಿ ಹೇಳಿದರು. ಒಂದು ಒಪ್ಪಂದ ಬಿಟ್ಟ ಸರ್ಕಾರ ಸುಮ್ಮನೆ ಕೂರುವುದಿಲ್ಲ, ಇನ್ನೊಂದನ್ನು ಹುಡುಕುತ್ತದೆ. ಆ ಇನ್ನೊಂದರಲ್ಲಿ ಮೆಣಸಿಗೆ ವಿಶೇಷ ಪಟ್ಟಿಯ ಜಾಗ ಸಿಗುತ್ತದೆಂಬ ಖಾತರಿ ಇಲ್ಲ.

ಬ್ರಿಟನ್ ನಮಗೆ ತೀರಾ ದೊಡ್ಡ ಹೋಲಿಕೆ ಎನ್ನುವವರು ಗ್ರೀನ್‌ಲ್ಯಾಂಡನ್ನು ನೋಡಬಹುದು. ಡೆನ್ಮಾರ್ಕಿನ ಜತೆ ಐರೋಪ್ಯ ಸಮುದಾಯ ಸೇರಿದ್ದ ಆ ದ್ವೀಪಕ್ಕೆ ಮೀನೇ ಬದುಕು. 1982ರಲ್ಲಿ ಜನಮತ ಪಡೆದು, 1985ರ ಫೆಬ್ರವರಿ 1ರಂದು ಹೊರಬಂತು. ಆದರೆ ಬರಿಗೈಯಲ್ಲಿ ಬರಲಿಲ್ಲ. ತನ್ನ ಮೀನಿಗೆ ಯುರೋಪಿನಲ್ಲಿ ಸುಂಕವಿಲ್ಲದ ಪ್ರವೇಶ ಪಡೆಯಿತು, ಪ್ರತಿಯಾಗಿ ಯುರೋಪಿನ ದೋಣಿಗಳಿಗೆ ತನ್ನ ನೀರಿನಲ್ಲಿ ಅವಕಾಶ ಕೊಟ್ಟಿತು. ಹೊರಬರುವುದು ಎಲ್ಲಿಯೂ ಫಲಿಸುವುದಿಲ್ಲ ಎನ್ನಲು ನಾನು ಸಿದ್ಧನಿಲ್ಲದಿರುವುದು ಈ ಕಾರಣಕ್ಕೆ. ಎದುರಿನವರಿಗೆ ಬೇಕಾದ ವಸ್ತು ನಿಮ್ಮ ಕೈಯಲ್ಲಿದ್ದರೆ ಮತ್ತು ಹೊರಬರುವ ಮುನ್ನವೇ ಮುಂದಿನ ಪತ್ರ ಬರೆದಿಟ್ಟುಕೊಂಡಿದ್ದರೆ ಅದು ಫಲಿಸಬಹುದು. ನಮ್ಮ ಮೆಣಸಿನ ವಿಷಯದಲ್ಲಿ ವಿಯೆಟ್ನಾಮಿಗೆ ನಮ್ಮಿಂದ ಬೇಕಾದದ್ದು ನಮ್ಮ ಮಾರುಕಟ್ಟೆ ಮಾತ್ರ.

ಆಸಿಯಾನ್ ಬಿಟ್ಟರೆ ಕಳೆದುಕೊಳ್ಳುವುದೇನು? ಕೊಡಗಿನ ತೋಟಗಳಿಗೆ ನೇರವಾಗಿ ಹೆಚ್ಚೇನಿಲ್ಲ, ಒಪ್ಪುತ್ತೇನೆ. ನಮ್ಮ ಕಾಫಿಯ ದೊಡ್ಡ ಗಿರಾಕಿಗಳು ಇಟಲಿ, ಜರ್ಮನಿ, ರಷ್ಯಾ, ಬೆಲ್ಜಿಯಂ. ನಷ್ಟ ಬೇರೆ ಕಡೆ ಇರುತ್ತದೆ: ಆ ದೇಶಗಳಿಗೆ ಹೋಗುವ ಯಂತ್ರೋಪಕರಣ, ಅಲ್ಲಿಂದ ಬರುವ ಬಿಡಿಭಾಗಗಳು. ದೆಹಲಿಯ ತಕ್ಕಡಿಯಲ್ಲಿ ಮೆಣಸಿಗಿಂತ ಅವು ಹೆಚ್ಚು ತೂಗುತ್ತವೆ. ಹಾಗಾಗಿ ಈ ದಾರಿ ಕೇಳಿದರೆ ಸಿಗುವ ಸಾಧ್ಯತೆಯೇ ಕಡಿಮೆ.

ಸೇರದೇ ಇರುವುದು ಮತ್ತು ಸೇರಿ ಹೊರಬರುವುದು ಒಂದೇ ಅಲ್ಲ ಎಂಬುದನ್ನೂ ಹೇಳಬೇಕು. 2019ರ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಆಸಿಯಾನ್ ಜತೆ ಚೀನಾ, ನ್ಯೂಜಿಲೆಂಡ್, ಆಸ್ಟ್ರೇಲಿಯಾ ಮೊದಲಾದ ದೇಶಗಳೂ ಇರುವ ಆರ್‌ಸಿಇಪಿ ಎಂಬ ವ್ಯಾಪಾರ ಒಪ್ಪಂದಕ್ಕೆ ಭಾರತ ಸೇರುವುದಿಲ್ಲ ಎಂದಿತು. ಹೈನುಗಾರರು ನಿಟ್ಟುಸಿರು ಬಿಟ್ಟರು. ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳ ಹಾಲಿನ ಪುಡಿಯ ಭಯ ಅವರಿಗಿತ್ತು. ಮೆಣಸಿಗೆ ಅದರಿಂದ ಏನೂ ಬದಲಾಗಲಿಲ್ಲ, ಏಕೆಂದರೆ ವಿಯೆಟ್ನಾಂ ಜತೆ ಆಸಿಯಾನ್ ಒಪ್ಪಂದ ಮೊದಲೇ ಇತ್ತು.

ದಾರಿ ಎರಡು: ಇದ್ದ ಹಾಗೆಯೇ ಇರುವುದು

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ದರ ಚೆನ್ನಾಗಿರುವಾಗ ಎಲ್ಲರೂ ಮಾತಿಲ್ಲದೆ ಆರಿಸಿಕೊಳ್ಳುವ ದಾರಿ ಇದು. ಖರ್ಚಿಲ್ಲ, ಹೋರಾಟವಿಲ್ಲ. ಮುಂದಿನ ಕುಸಿತಕ್ಕೆ ಸಿದ್ಧತೆಯೂ ಇಲ್ಲ.

ದಾರಿ ಮೂರು: ಷರತ್ತುಗಳನ್ನು ತಿದ್ದುವುದು

ಆಸಿಯಾನ್ ಜತೆಗಿನ ವ್ಯಾಪಾರ ಕೊರತೆ 2022–23ರಲ್ಲಿ 4,000 ಕೋಟಿ ಡಾಲರ್ ದಾಟಿದ ಮೇಲೆ ದೆಹಲಿಗೂ ಈ ಒಪ್ಪಂದದ ಮೇಲೆ ಅಸಮಾಧಾನವಿದೆ. 2023ರ ಆಗಸ್ಟ್‌ನಲ್ಲಿ ಮರುಪರಿಶೀಲನೆಗೆ ಎರಡೂ ಕಡೆಯವರು ಒಪ್ಪಿ, 2025ರೊಳಗೆ ಮುಗಿಸುವ ಗುರಿ ಇಟ್ಟುಕೊಂಡರು. ಅಂದರೆ ಬೆಳೆಗಾರರಿಗೆ ಬೇಕಾದ ಮೇಜು ಈಗಾಗಲೇ ಹಾಕಿಯಾಗಿದೆ. ಅಲ್ಲಿ ಕೇಳಬಹುದಾದದ್ದು ಸರಕು ಯಾವ ದೇಶದ್ದೆಂದು ತೀರ್ಮಾನಿಸುವ ನಿಯಮಗಳನ್ನು ಬಿಗಿಗೊಳಿಸುವುದು ಮತ್ತು ಆಮದು ಏಕಾಏಕಿ ಏರಿದಾಗ ತಾತ್ಕಾಲಿಕವಾಗಿ ಸುಂಕ ಏರಿಸುವ ರಕ್ಷಣಾ ಕ್ರಮವನ್ನು ಸುಲಭಗೊಳಿಸುವುದು.

ಇದರ ತೊಂದರೆ ನಿಧಾನಗತಿ. ಹತ್ತಕ್ಕೂ ಹೆಚ್ಚು ದೇಶಗಳು ಕುಳಿತು ಮಾತಾಡುವಾಗ ಮೆಣಸಿನ ಸಾಲು ಕೊನೆಯ ಪುಟಕ್ಕೆ ಹೋಗುತ್ತದೆ. ಕೊಟ್ಟು ಪಡೆಯುವ ಆಟದಲ್ಲಿ ಯಾವುದೋ ಕಾರ್ಖಾನೆಯ ಸರಕಿಗಾಗಿ ಕಾಫಿಯ ಶೇ 45ನ್ನು ಇನ್ನೂ ಇಳಿಸಿಬಿಟ್ಟರೆ? ಕೇಳುವವರು ಅದಕ್ಕೂ ಕಾವಲಿರಬೇಕು.

ದಾರಿ ನಾಲ್ಕು: ಒಳಗಿದ್ದು ಸೋರಿಕೆ ಮುಚ್ಚುವುದು

ಇದಕ್ಕೆ ಯಾವ ದೇಶದ ಒಪ್ಪಿಗೆಯೂ ಬೇಕಾಗಿಲ್ಲ, ಹಾಗಾಗಿ ಬೇಗ ಆಗುತ್ತದೆ. 2017ರ ಡಿಸೆಂಬರ್‌ನಲ್ಲಿ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಮೆಣಸಿಗೆ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ವಿಧಿಸಿತು. 2018ರ ಮಾರ್ಚ್‌ನಲ್ಲಿ ಅದಕ್ಕಿಂತ ಅಗ್ಗದ ಮೆಣಸಿನ ಆಮದನ್ನೇ ನಿಷೇಧಿಸಿತು. ಆಮದುದಾರರು ಹೈಕೋರ್ಟ್‌ಗಳ ಮೆಟ್ಟಿಲೇರಿದರು.

ಇದರ ಬಲವೂ ದೌರ್ಬಲ್ಯವೂ ಅದೇ 500ರಲ್ಲಿದೆ. ಊರಿನ ದರ 350 ಇದ್ದಾಗ ಅದು ಗೋಡೆ. ದರ 650 ಆದಾಗ? ಶ್ರೀಲಂಕಾದ ಮೆಣಸು 500ಕ್ಕೆ ಶೇ 8 ಸೇರಿಸಿಕೊಂಡು 540ಕ್ಕೆ ಇಳಿಯುತ್ತದೆ, ಗೋಡೆ ಇದ್ದೂ ಇಲ್ಲದಂತೆ. ಇನ್ನು 300ರ ಸರಕಿಗೆ ಕಾಗದದಲ್ಲಿ 500 ಎಂದು ಬರೆಸುವ ಚಾಳಿ ಬೇರೆ. ಮೌಲ್ಯವರ್ಧನೆ ಮಾಡಿ ಮತ್ತೆ ರಫ್ತು ಮಾಡುತ್ತೇವೆಂದು ತರುವ ಮೆಣಸಿಗೆ ಈ ನಿರ್ಬಂಧದಿಂದ ವಿನಾಯಿತಿಯೂ ಇದೆ. ಆ ಸರಕು ನಿಜವಾಗಿ ಹೊರಹೋಗುತ್ತದೆಯೇ, ಒಳಗೇ ಮಾರಾಟವಾಗುತ್ತದೆಯೇ ಎಂದು ನೋಡಬೇಕಾದವರು ಕಸ್ಟಮ್ಸ್‌ನವರು.

ಆ ಕೈಗೆ ಅಸ್ತ್ರವೂ ಬಂದಿದೆ. 2020ರ ಸೆಪ್ಟೆಂಬರ್ 21ರಿಂದ ಜಾರಿಯಾದ ಕಾರೋಟಾರ್, ಅಂದರೆ ವ್ಯಾಪಾರ ಒಪ್ಪಂದಗಳಡಿ ಬರುವ ಸರಕಿನ ಮೂಲ ಪರಿಶೀಲಿಸುವ ಕಸ್ಟಮ್ಸ್ ನಿಯಮಗಳ ಪ್ರಕಾರ ವಿದೇಶದ ಮೂಲಪತ್ರ ತೋರಿಸಿದರೆ ಸಾಲದು. ಸರಕು ನಿಜಕ್ಕೂ ಆ ದೇಶದ್ದೇ ಎನ್ನಲು ಬೇಕಾದ ಮಾಹಿತಿ ಆಮದುದಾರನ ಬಳಿಯೇ ಇರಬೇಕು. ಅನುಮಾನ ಬಂದರೆ ಅಧಿಕಾರಿ ರಿಯಾಯಿತಿ ತಡೆಹಿಡಿಯಬಹುದು. ಬೆಳೆಗಾರರ ಮನವಿಗಳಲ್ಲಿ ಈ ನಿಯಮದ ಹೆಸರು ಕಾಣಿಸುವುದು ಅಪರೂಪ. ನನಗೆ ಅರ್ಥವಾಗದ ಸಂಗತಿ ಇದು.

ಕಾಫಿಯವರಿಗೆ ಬೇರೆಯೇ ಮಾತು

ಕಾಫಿಯ ವಿಷಯದಲ್ಲಿ ಒಪ್ಪಂದಗಳನ್ನು ದೂರುವುದೂ ಹೊಗಳುವುದೂ ಎರಡೂ ಅತಿ. ಭಾರತದ ಕಾಫಿಯಲ್ಲಿ ಬಹುಪಾಲು ರಫ್ತಾಗುತ್ತದೆ. ಯುರೋಪಿನಲ್ಲಿ ಹಸಿರು ಕಾಫಿ ಬೀಜಕ್ಕೆ ಸುಂಕವೇ ಇಲ್ಲ; ಹುರಿದದ್ದಕ್ಕೆ, ಇನ್‌ಸ್ಟಂಟ್ ಪುಡಿಗೆ ಸಾಮಾನ್ಯ ಸುಂಕವಿದೆ. ಆದ್ದರಿಂದ ಚೆರಿ, ಪಾರ್ಚ್‌ಮೆಂಟ್ (ತಿರುಳು ತೆಗೆದು ಒಣಗಿಸಿದ ಬೀಜ) ಮಾರುವವರಿಗೆ ಯುರೋಪಿನ ಜತೆ ಒಪ್ಪಂದ ಇದ್ದರೂ ಇಲ್ಲದಿದ್ದರೂ ಸುಂಕದಲ್ಲಿ ವ್ಯತ್ಯಾಸವಿಲ್ಲ. ಪುಡಿ ಮಾಡಿ ಕಳಿಸುವವರಿಗೆ ಇದೆ. 2025ರ ಜುಲೈ 24ರಂದು ಸಹಿಯಾದ ಭಾರತ–ಬ್ರಿಟನ್ ಒಪ್ಪಂದದಲ್ಲಿ ಕಾಫಿಯವರು ನೋಡಬೇಕಾದ ಸಾಲು ಇನ್‌ಸ್ಟಂಟ್ ಕಾಫಿಯದು.

ಯುರೋಪಿನಲ್ಲಿ ತಡೆ ಇರುವುದು ನಿಯಮಗಳಲ್ಲಿ. ಕಾಡು ಕಡಿದು ಬೆಳೆದದ್ದಲ್ಲ ಎಂದು ತೋಟದ ನಕ್ಷೆ ಸಮೇತ ತೋರಿಸಬೇಕೆನ್ನುವ 2023ರ ಕಾನೂನು ಕಾಫಿಗೂ ಅನ್ವಯಿಸುತ್ತದೆ. ಜಾರಿಯನ್ನು ಮುಂದೂಡುತ್ತ ಬಂದಿದ್ದಾರೆ ಅಷ್ಟೆ. ಯಾವ ಒಕ್ಕೂಟದ ಒಳಗಿದ್ದರೂ ಹೊರಗಿದ್ದರೂ ಗಿರಾಕಿಯ ನಿಯಮ ಪಾಲಿಸಲೇಬೇಕು. ನಿಯಮ ಬರೆಯುವಾಗ ಮಾತಾಡುವ ಹಕ್ಕು ಒಳಗಿರುವವರಿಗೆ ಮಾತ್ರ. ಬ್ರಿಟನ್ ಕಳೆದುಕೊಂಡ ರಾಜಕೀಯ ಆಸ್ತಿಗಳಲ್ಲಿ ಇದೇ ದೊಡ್ಡದು ಎಂಬುದು ನನ್ನ ಅಭಿಪ್ರಾಯ.

ರೋಬಸ್ಟಾದ ಜಾಗತಿಕ ದರ ನಿಗದಿಯಾಗುವುದು ಇಂದಿಗೂ ಲಂಡನ್ನಿನ ವಾಯಿದಾ ಪೇಟೆಯಲ್ಲಿ. ಬ್ರಿಟನ್ ಒಕ್ಕೂಟ ಬಿಟ್ಟದ್ದು ಅದನ್ನು ಅಲುಗಿಸಲಿಲ್ಲ. 2024–25ರಲ್ಲಿ 50 ಕಿಲೋ ಚೀಲಕ್ಕೆ ರೋಬಸ್ಟಾ ಚೆರಿ ಹತ್ತು ಸಾವಿರ ದಾಟಿದ್ದಕ್ಕೂ ಕಾರಣ ಯಾವ ಒಪ್ಪಂದವೂ ಅಲ್ಲ. ವಿಯೆಟ್ನಾಂ, ಬ್ರೆಜಿಲ್‌ಗಳಲ್ಲಿ ಬೆಳೆ ಕೈಕೊಟ್ಟದ್ದು. ಹಿರಿಯ ಬೆಳೆಗಾರರಿಗೆ ಇದರ ತದ್ವಿರುದ್ಧ ಪಾಠ ನೆನಪಿರಬಹುದು. ಯಾವ ದೇಶ ಎಷ್ಟು ರಫ್ತು ಮಾಡಬಹುದು ಎಂದು ಮಿತಿ ಹಾಕುತ್ತಿದ್ದ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ 1989ರ ಜುಲೈನಲ್ಲಿ ಮುರಿದುಬಿದ್ದಾಗ ಜಗತ್ತಿನಾದ್ಯಂತ ದರ ನೆಲಕಚ್ಚಿತು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ನಮ್ಮ ದೊಡ್ಡ ಗಿರಾಕಿಯೇ ಮಾಯವಾದ. ಒಪ್ಪಂದ ಮುರಿದಾಗ ಏನಾಗುತ್ತದೆ ಎಂದು ತಿಳಿಯಲು ಕೊಡಗು ಬ್ರಿಟನ್ನಿನ ಕಡೆ ನೋಡಬೇಕಾಗಿಯೇ ಇಲ್ಲ.

ಅಂಕಿಗೆ ಸಿಗದ ಭಾಗ

ಹೊರಬರುವ ವಾದದಲ್ಲಿ ಹಣವಷ್ಟೇ ಇರುವುದಿಲ್ಲ; ನಮ್ಮ ತೀರ್ಮಾನ ನಮ್ಮ ಕೈಯಲ್ಲಿರಲಿ ಎಂಬ ಹಟವೂ ಇರುತ್ತದೆ. ಕೊಡಗಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. 1956ರ ನವೆಂಬರ್ 1ಕ್ಕೆ ಮೊದಲು ಇದು ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾಗಿದ್ದ ಪ್ರತ್ಯೇಕ ರಾಜ್ಯ. ದೊಡ್ಡದರೊಳಗೆ ಸೇರಿದ್ದು ಲಾಭವೋ ನಷ್ಟವೋ ಎಂಬ ಚರ್ಚೆ ಇಲ್ಲಿ ಇನ್ನೂ ಮುಗಿದಿಲ್ಲ. ಬ್ರಿಟನ್ನಿನಲ್ಲಿ ಆ ಹಟ ದೇಶದೊಳಗೇ ಬಿರುಕು ತಂದಿತು. ಸ್ಕಾಟ್ಲೆಂಡಿನ ಶೇ 62 ಮಂದಿ ಉಳಿಯಲು ಮತ ಹಾಕಿದ್ದರು. ಉತ್ತರ ಐರ್ಲೆಂಡಿನ ಗಡಿಯ ಸಮಸ್ಯೆಗೆ 2023ರಲ್ಲಿ ಐರೋಪ್ಯ ಒಕ್ಕೂಟದ ಜತೆ ವಿಂಡ್ಸರ್ ಚೌಕಟ್ಟು ಎಂಬ ಹೊಂದಾಣಿಕೆ ಬರೆಯುವವರೆಗೂ ನೆಮ್ಮದಿ ಇರಲಿಲ್ಲ. ಆಸಿಯಾನ್ ಸರಕು ಒಪ್ಪಂದ ಬಿಟ್ಟರೆ ಅಂಥ ಬಿರುಕು ಬರುವುದಿಲ್ಲ. ಆದರೆ ಸಹಿ ಹಾಕಿ ಹಿಂದೆ ಸರಿಯುವ ದೇಶ ಎಂಬ ಹೆಸರು ಮುಂದಿನ ಎಲ್ಲ ಮಾತುಕತೆಗಳಲ್ಲೂ ಜತೆಗಿರುತ್ತದೆ.

ಹಾಗಾದರೆ ಯಾರಿಗೆ ಯಾವುದು

ಮೆಣಸೇ ಮುಖ್ಯ ಆದಾಯವಾಗಿರುವ ಸಣ್ಣ ಬೆಳೆಗಾರರಿಗೆ ನಾಲ್ಕನೆಯ ದಾರಿ. ಸಾಲ ತೀರಿಸಬೇಕಾದದ್ದು ಈ ವರ್ಷ. ಹೊರಬರುವ ಮಾತುಕತೆ ಮುಗಿಯುವುದು ಯಾವಾಗಲೋ. ಮೆಣಸನ್ನು ಒಂದೆರಡು ವರ್ಷ ದಾಸ್ತಾನಿಟ್ಟುಕೊಳ್ಳುವ ಶಕ್ತಿ ಇರುವ ದೊಡ್ಡ ತೋಟದವರು ಮೂರನೆಯ ದಾರಿಗೂ ಸಮಯ, ಹಣ ಹಾಕಬಹುದು. ಕಾದದ್ದಕ್ಕೆ ಫಲ ಸಿಕ್ಕರೆ ಅದು ಬಹುಕಾಲ ಉಳಿಯುತ್ತದೆ. ಕಾಫಿಯನ್ನೇ ನೆಚ್ಚಿದವರು ಈ ಜಗಳಕ್ಕಿಂತ ತೋಟದ ನಕ್ಷೆ, ದಾಖಲೆಗಳನ್ನು ಸರಿಮಾಡಿಕೊಳ್ಳುವುದು ಲಾಭದಾಯಕ. ಹೊರಗಿನ ಬೀಜ ತಂದು ಪುಡಿ ಮಾಡಿ ರಫ್ತು ಮಾಡುವವರು ಆ ಬೀಜವನ್ನು ರಫ್ತಿನ ಷರತ್ತಿನ ಮೇಲೆ ಸುಂಕವಿಲ್ಲದೆ ತರುವುದರಿಂದ, ಭಾರತ ಆಸಿಯಾನ್ ಬಿಟ್ಟರೂ ಅವರ ಲೆಕ್ಕ ಹೆಚ್ಚು ಬದಲಾಗದು. ಅವರು ‘ಬಿಡಬೇಡಿ’ ಎಂದಾಗಲೂ ‘ಬಿಡಿ’ ಎಂದಾಗಲೂ ಸ್ವಲ್ಪ ಅನುಮಾನದಿಂದಲೇ ಕೇಳಿಸಿಕೊಳ್ಳಿ.

ಪೂರ್ತಿ ಹೊರಬರಲೇಬೇಕೆನ್ನುವವರು ಕನಿಷ್ಠ ಪಕ್ಷ ಶ್ರೀಲಂಕಾ ಒಪ್ಪಂದವನ್ನೂ ಸಾಫ್ಟಾವನ್ನೂ ತಮ್ಮ ಬೇಡಿಕೆಯಲ್ಲಿ ಸೇರಿಸಬೇಕು. ಆಸಿಯಾನ್ ಒಂದನ್ನೇ ಬಿಟ್ಟರೆ ಮೇಲಿನ 186 ರೂಪಾಯಿಯ ಲೆಕ್ಕಕ್ಕೆ ಉತ್ತರ ಕೊಡಬೇಕಾಗುತ್ತದೆ. ಆದರೆ ಆಗ ನೆರೆಯ ದೇಶದ ಜತೆಗಿನ ಸಂಬಂಧವೂ ತಕ್ಕಡಿಗೆ ಬರುತ್ತದೆ, ಅದು ಮಸಾಲೆಯ ಲೆಕ್ಕದಲ್ಲಿ ತೀರ್ಮಾನವಾಗುವ ವಿಷಯವಲ್ಲ.

ಮನವಿ ಬರೆಯುವವರು ಯಾವ ಬೇಡಿಕೆ ಯಾರಿಗೆ ಎಂದು ಬೇರ್ಪಡಿಸಿಕೊಳ್ಳಲಿ. ಕನಿಷ್ಠ ಆಮದು ಬೆಲೆಯನ್ನು 500ಕ್ಕೇ ನಿಲ್ಲಿಸದೆ ಊರಿನ ದರದೊಂದಿಗೆ ಏರಿಳಿಸುವುದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಕೆಲಸ. ಶ್ರೀಲಂಕಾ ಮೂಲಪತ್ರಗಳ ತಪಾಸಣೆ, ರಫ್ತಿಗೆಂದು ಬಂದ ಮೆಣಸಿನ ಜಾಡು ಹಿಡಿಯುವುದು ಕಸ್ಟಮ್ಸ್‌ನದು. ಆಸಿಯಾನ್ ಮರುಪರಿಶೀಲನೆಯಲ್ಲಿ ಮೆಣಸಿನ ಶೇ 50 ಮತ್ತು ಕಾಫಿಯ ಶೇ 45 ಇನ್ನಷ್ಟು ಇಳಿಯದಂತೆ ನೋಡಿಕೊಳ್ಳಬೇಕಾದದ್ದು ವಾಣಿಜ್ಯ ಸಚಿವಾಲಯ. ಮೂರನ್ನೂ ಒಂದೇ ಹಾಳೆಯಲ್ಲಿ ಬರೆದು ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೊಟ್ಟರೆ ಅದು ಮಡಿಕೇರಿಯಿಂದ ಮುಂದೆ ಹೋಗುವುದು ಕಷ್ಟ.